120 ಹಾಸಿಗೆಯ ಆಸ್ಪತ್ರೆಗೆ ಆಂಟಿಬಯೋಟಿಕ್ ಪಾಲಿಸಿ: ಎಲ್ಲಿಂದ ಶುರು ಮಾಡೋದು?

ಸೋಂಕು_ಸಮಿತಿ_120
ಜಿಲ್ಲಾ ಕೇಂದ್ರದ ಖಾಸಗಿ ಆಸ್ಪತ್ರೆ. 120 ಹಾಸಿಗೆ, ಅದರಲ್ಲಿ 10 ಐಸಿಯು. ಮೆಡಿಸಿನ್, ಸರ್ಜರಿ, ಆರ್ಥೋ, ಹೆರಿಗೆ ವಿಭಾಗಗಳಿವೆ. ಪೂರ್ಣಾವಧಿ ಮೈಕ್ರೋಬಯಾಲಜಿಸ್ಟ್ ಇಲ್ಲ, ಕಲ್ಚರ್ (ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಹೊರಗಿನ ಲ್ಯಾಬಿಗೆ ಹೋಗುತ್ತದೆ. ಎನ್‌ಎಬಿಎಚ್‌ (ಆಸ್ಪತ್ರೆಗಳ ಗುಣಮಟ್ಟದ ಮಾನ್ಯತೆ) ಪಡೆಯಲು ಪಾಲಿಸಿ, ಅಂದರೆ ಯಾವ ಸೋಂಕಿಗೆ ಯಾವ ಆಂಟಿಬಯೋಟಿಕ್ ಎಂಬ ನಿಯಮ, ಬೇಕು. ದೊಡ್ಡ ಆಸ್ಪತ್ರೆಯೊಂದರ 60 ಪುಟದ ಪಾಲಿಸಿ ಕೈಯಲ್ಲಿದೆ, ಹೆಸರು ಬದಲಿಸಿ ಹಾಕೋಣ ಎಂಬ ಸಲಹೆಯೂ ಬಂದಿದೆ. ಮೂರು ಪ್ರಶ್ನೆ:

1. ನಮ್ಮದೇ ಆಂಟಿಬಯೋಗ್ರಾಮ್ (ಯಾವ ಬ್ಯಾಕ್ಟೀರಿಯಾ ಯಾವ ಔಷಧಿಗೆ ಎಷ್ಟು ಶೇಕಡಾ ಬಗ್ಗುತ್ತದೆ ಎಂಬ ಪಟ್ಟಿ) ಮಾಡುವುದಾದರೆ ಹೇಗೆ?
2. ವಿಶಾಲ ವ್ಯಾಪ್ತಿಯ ಆಂಟಿಬಯೋಟಿಕ್ ಮೆರೋಪೆನೆಮ್‌ಗೆ ಮುಂಚಿತ ಅನುಮತಿ ಫಾರಂ ಇಟ್ಟರೆ ಬಳಕೆ ಇಳಿಯುತ್ತದೆಯೇ?
3. "70 ಪರ್ಸೆಂಟ್ ಆಕ್ಸೆಸ್" (ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಮೊದಲ ಆಯ್ಕೆಯ ಆಂಟಿಬಯೋಟಿಕ್‌ಗಳ ಗುಂಪು) ಗುರಿ ನಮಗೂ ಅನ್ವಯಿಸುತ್ತದೆಯೇ?

ಪೆಟ್ರಿಡಿಶ್
ಹೆಸರು ಬದಲಿಸಿ ಹಾಕಬೇಡಿ. ಆ 60 ಪುಟ ಆ ಆಸ್ಪತ್ರೆಯ ಬ್ಯಾಕ್ಟೀರಿಯಾಗೆ ಬರೆದದ್ದು. ಕಸಿ ಮಾಡಿಸಿಕೊಂಡ ರೋಗಿಗಳು, ಕೀಮೋ ವಾರ್ಡು ಇರುವ ಕಡೆ ಮೆರೋಪೆನೆಮ್‌ನಿಂದಲೇ ಶುರು ಮಾಡಿ ಎಂದಿದ್ದರೆ ಅದಕ್ಕೊಂದು ಕಾರಣ ಇರುತ್ತದೆ. ನಿಮ್ಮ ಹೆರಿಗೆ ವಾರ್ಡಿಗೆ ಆ ಕಾರಣ ಇಲ್ಲ.

ಆಂಟಿಬಯೋಗ್ರಾಮ್‌ಗೂ ಮೊದಲು ರಕ್ತದ ಕಲ್ಚರ್ ಸರಿಪಡಿಸಿ. ಬಾಟಲಿಗೆ ಹೋಗಿದ್ದೇ ತಪ್ಪಾಗಿದ್ದರೆ ಲ್ಯಾಬ್ ಎಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ. ದೊಡ್ಡವರಿಗೆ ಎರಡು ಬೇರೆ ಜಾಗದಿಂದ ಎರಡು ಸೆಟ್, ಒಂದೊಂದು ಬಾಟಲಿಗೆ 8ರಿಂದ 10 ಮಿ.ಲೀ. ಆಂಟಿಬಯೋಟಿಕ್‌ನ ಮೊದಲ ಡೋಸ್‌ಗೆ ಮುಂಚೆ. ಆಲ್ಕೋಹಾಲ್ ಇರುವ 2% ಕ್ಲೋರ್‌ಹೆಕ್ಸಿಡಿನ್‌ನಿಂದ 30 ಸೆಕೆಂಡ್ ಉಜ್ಜಿ, ಒಣಗಲು ಬಿಡಬೇಕು. ಒರೆಸಿದ ಮೇಲೆ ನರ ಸಿಗಲಿಲ್ಲ ಅಂತ ಮತ್ತೆ ಬೆರಳಿಟ್ಟು ಹುಡುಕಿದರೆ ಮೊದಲಿನಿಂದ ಒರೆಸಬೇಕು. ಬಾಟಲಿಯ ಮುಚ್ಚಳ ತೆಗೆದ ಮೇಲೆ ರಬ್ಬರಿನ ಭಾಗವನ್ನೂ ಸ್ಪಿರಿಟ್‌ನಿಂದ ಒರೆಸಿ. ಅದರ ಕೆಳಭಾಗ ಸ್ಟೆರೈಲ್, ಮೇಲ್ಭಾಗ ಅಲ್ಲ.

ಸಾಮಾನ್ಯ ತಪ್ಪುಗಳು ಮೂರು. ಮೊದಲೇ ಹಾಕಿದ್ದ ಕ್ಯಾನುಲಾದಿಂದ ರಕ್ತ ಎಳೆಯುವುದು. ಬಾಟಲಿಗೆ 3 ಮಿ.ಲೀ. ಹಾಕಿ ಸಾಕು ಅನ್ನುವುದು. ದೊಡ್ಡವರ ರಕ್ತದಲ್ಲಿ ಒಂದು ಮಿ.ಲೀ.ಗೆ ಒಂದು ಬ್ಯಾಕ್ಟೀರಿಯಾ ಕೂಡ ಇರದೇ ಹೋಗಬಹುದು, ಪ್ರಮಾಣ ಕಡಿಮೆಯಾದಷ್ಟೂ ಸುಳ್ಳು ನೆಗೆಟಿವ್ ಹೆಚ್ಚು. ಮೂರನೆಯದು ಹೊರಗಿನ ಲ್ಯಾಬಿಗೆ ಕಳಿಸುವವರದ್ದು: ಹುಡುಗ ಬೆಳಿಗ್ಗೆ ಬರುತ್ತಾನೆ ಅಂತ ರಾತ್ರಿ ಬಾಟಲಿಯನ್ನು ಫ್ರಿಜ್‌ನಲ್ಲಿಡುವುದು. ಫ್ರಿಜ್ ಬೇಡವೇ ಬೇಡ, ಕೋಣೆಯ ಉಷ್ಣತೆಯಲ್ಲೇ ಇಡಿ, ಆದಷ್ಟು ಬೇಗ ಕಳಿಸಿ. ಕಲುಷಿತ ಬಾಟಲಿಗಳ ಪ್ರಮಾಣ 3%ಗಿಂತ ಕೆಳಗಿರಲಿ. ಅದು ಏರಿದರೆ ಚರ್ಮದ ಸ್ಟ್ಯಾಫಿಲೊಕಾಕಸ್‌ಗೆ ವ್ಯಾಂಕೊಮೈಸಿನ್ ಕೊಡುತ್ತಾ ಕೂರುತ್ತೀರಿ.

ಇನ್ನು ಆಂಟಿಬಯೋಗ್ರಾಮ್. ಲ್ಯಾಬಿನಿಂದ ಪಿಡಿಎಫ್ ಬೇಡ, ವರ್ಷದ ದತ್ತಾಂಶವನ್ನು ಎಕ್ಸೆಲ್‌ನಲ್ಲಿ ಕೇಳಿ. ವಿಶ್ವ ಆರೋಗ್ಯ ಸಂಸ್ಥೆಯ ವೂನೆಟ್ ತಂತ್ರಾಂಶ ಉಚಿತ, ಅದಕ್ಕೆ ತುಂಬಿಸಬಹುದು. ನಿಯಮಗಳು ಕಟ್ಟುನಿಟ್ಟು: ಒಬ್ಬ ರೋಗಿಯಿಂದ ಒಂದು ಜಾತಿಯ ಮೊದಲ ಐಸೊಲೇಟ್ (ಕಲ್ಚರಿನಲ್ಲಿ ಬೆಳೆದ ಬ್ಯಾಕ್ಟೀರಿಯಾ) ಮಾತ್ರ, ಸರ್ವೇಲೆನ್ಸ್ ಸ್ವ್ಯಾಬ್ (ಸೋಂಕಿಲ್ಲದಿದ್ದರೂ ತಪಾಸಣೆಗೆ ತೆಗೆದ ಮಾದರಿ) ಬೇಡ, ಒಂದು ಜಾತಿಗೆ ಕನಿಷ್ಠ 30 ಐಸೊಲೇಟ್ ಇಲ್ಲದಿದ್ದರೆ ಶೇಕಡಾವಾರು ಹಾಕಬೇಡಿ, ಎರಡು ವರ್ಷದ್ದು ಸೇರಿಸಿ.

ಮೊದಲ ಐಸೊಲೇಟ್ ಯಾಕೆ ಅಂದರೆ, ಉದಾಹರಣೆಗೆ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ 40 ಬಂದಿದೆ, 18 ಮೆರೋಪೆನೆಮ್‌ಗೆ ರೆಸಿಸ್ಟೆಂಟ್ (ಬಗ್ಗುವುದಿಲ್ಲ) ಅಂದುಕೊಳ್ಳಿ. 45%. ಆ 18ರಲ್ಲಿ 10 ತಿಂಗಳುಗಟ್ಟಲೆ ಐಸಿಯುನಲ್ಲಿದ್ದ ಇಬ್ಬರು ಮೂವರಿಂದ ಮತ್ತೆ ಮತ್ತೆ ಬಂದವು. ತೆಗೆದರೆ 30ರಲ್ಲಿ 8, ಅಂದರೆ 27%. ಪಾಲಿಸಿಯಲ್ಲಿ ಯಾವ ಔಷಧಿ ಬರೆಯುತ್ತೀರಿ ಎಂಬುದು ಈ ವ್ಯತ್ಯಾಸದ ಮೇಲೇ ನಿಲ್ಲುತ್ತದೆ. ಐಸಿಯು, ವಾರ್ಡ್, ಒಪಿಡಿ ಮೂತ್ರ ಇವನ್ನು ಒಂದೇ ಪಟ್ಟಿಗೆ ಕಲಸಬೇಡಿ.

ಇಂಡೆಂಟ್_ಪುಸ್ತಕ
ಫಾರ್ಮಸಿ ಕಡೆಯಿಂದ ಎರಡನೇ ಪ್ರಶ್ನೆಗೆ. ಮುಂಚಿತ ಅನುಮತಿ ಕಾಗದದ ಮೇಲೆ ಚೆಂದ. ರಾತ್ರಿ ಎರಡು ಗಂಟೆಗೆ ಸೆಪ್ಸಿಸ್ ರೋಗಿ ಬಂದಾಗ ಸಹಿ ಹಾಕುವವರು ಯಾರು? ಒಂದೋ ಮೊದಲ ಡೋಸ್ ತಡವಾಗುತ್ತದೆ, ಇಲ್ಲವೇ ಡ್ಯೂಟಿ ಡಾಕ್ಟರ್ ಹತ್ತು ಖಾಲಿ ಫಾರಂಗೆ ಮೊದಲೇ ಸಹಿ ಹಾಕಿಸಿಟ್ಟುಕೊಳ್ಳುತ್ತಾರೆ. 120 ಹಾಸಿಗೆಗೆ ಸರಿಹೊಂದುವುದು ಕೊಟ್ಟ ಮೇಲಿನ ವಿಮರ್ಶೆ: ಮೊದಲ ಡೋಸ್‌ಗೆ ತಡೆ ಬೇಡ, 48 ಗಂಟೆ ಆದ ಕೂಡಲೇ ಕೇಸ್ ಶೀಟ್ ತೆರೆದು ನೋಡುವುದು. ಕಲ್ಚರ್ ಬಂತೇ? ನಿಲ್ಲಿಸಬಹುದೇ? ಸಣ್ಣ ವ್ಯಾಪ್ತಿಯ ಔಷಧಿಗೆ ಇಳಿಸಬಹುದೇ? ಮಾತ್ರೆಗೆ ಬದಲಿಸಬಹುದೇ? ಮುಂದುವರಿಸುವುದಾದರೆ ಯಾವ ತಾರೀಖಿನವರೆಗೆ? ಆ ಕೊನೆಯ ತಾರೀಖು ಡ್ರಗ್ ಚಾರ್ಟಿನಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಮೆರೋಪೆನೆಮ್ ತಾನಾಗಿ 14 ದಿನ ಓಡುತ್ತದೆ.

ಅವಧಿಯ ವಿಷಯದಲ್ಲಿ ಪುರಾವೆ ಈಗ ಚೆನ್ನಾಗಿದೆ. ತೊಡಕಿಲ್ಲದ ಗ್ರಾಂ ನೆಗೆಟಿವ್ (ಕ್ಲೆಬ್ಸಿಯೆಲ್ಲಾ ತರಹದ ಬ್ಯಾಕ್ಟೀರಿಯಾ) ರಕ್ತಸೋಂಕಿಗೆ 7 ದಿನ, ಹೊಟ್ಟೆಯ ಕೀವು ಸರಿಯಾಗಿ ತೆಗೆದ ಮೇಲೆ ಸುಮಾರು 4 ದಿನ. ಸ್ಟ್ಯಾಫಿಲೊಕಾಕಸ್ ಆರಿಯಸ್ ರಕ್ತದಲ್ಲಿ ಬಂದರೆ ಮಾತ್ರ ಈ ಲೆಕ್ಕ ಇಲ್ಲ: ಕನಿಷ್ಠ 14 ದಿನ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು.

ಇನ್ನೊಂದು ಸುಲಭದ ಗೆಲುವು: ಮೆರೋಪೆನೆಮ್ ಅಥವಾ ಪೈಪರಾಸಿಲಿನ್-ಟಾಜೊಬ್ಯಾಕ್ಟಮ್ ಜೊತೆ ಮೆಟ್ರೊನಿಡಜೋಲ್ ಓಡುತ್ತಿರುವ ಚಾರ್ಟುಗಳನ್ನು ಹುಡುಕಿ. ಅನೆರೋಬ್‌ಗಳಿಗೆ (ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ) ಮೊದಲಿನವೇ ಸಾಕು.

ಅಳತೆ ಹೀಗೆ: ತಿಂಗಳಿಗೆ ನಿಜವಾಗಿ ಖರ್ಚಾದ ಗ್ರಾಂ (ವಾಪಸ್ ಬಂದ ವಯಲ್ ಕಳೆದು) ಭಾಗಿಸು ಡಿಡಿಡಿ (ದೊಡ್ಡವರಿಗೆ ಒಂದು ದಿನದ ಸರಾಸರಿ ಡೋಸ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಅಳತೆ). ಮೆರೋಪೆನೆಮ್‌ಗೆ ಡಿಡಿಡಿ 3 ಗ್ರಾಂ. 2019ಕ್ಕೆ ಮುಂಚೆ 2 ಇತ್ತು, ಹಳೆಯ ಲೆಕ್ಕದ ಜೊತೆ ಹೋಲಿಸುವಾಗ ಎಚ್ಚರ. 420 ಗ್ರಾಂ ಹೋಗಿದ್ದರೆ 140 ಡಿಡಿಡಿ. ಆ ತಿಂಗಳು 2,800 ಹಾಸಿಗೆ-ದಿನ ಇದ್ದರೆ 100 ಹಾಸಿಗೆ-ದಿನಕ್ಕೆ 5. ಮಕ್ಕಳ ವಾರ್ಡಿಗೂ ಕಿಡ್ನಿ ರೋಗಿಗಳಿಗೂ ಇದು ಹೊಂದುವುದಿಲ್ಲ, ಅಲ್ಲಿ ಎಷ್ಟು ದಿನ ಕೊಟ್ಟರು ಎಂದು ಎಣಿಸಿ.

ಸೋಂಕು_ಸಮಿತಿ_120
ಧನ್ಯವಾದ. ಎರಡು ತೊಡಕು. ಸಿಸೇರಿಯನ್‌ಗೂ ಹರ್ನಿಯಾಗೂ ಗಾಯಕ್ಕೆ ಸೋಂಕಾಗದಿರಲೆಂದು 5 ದಿನ ಸೆಫ್‌ಟ್ರಯಾಕ್ಸೋನ್ ಬರೆಯುವುದು ರೂಢಿ, ಸರ್ಜನ್‌ಗಳು ಬಿಡಲು ಒಪ್ಪುತ್ತಿಲ್ಲ. ಲ್ಯಾಬ್ ವರದಿಯಲ್ಲಿ ಕಾಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗೆ "ಎಸ್" (ಬ್ಯಾಕ್ಟೀರಿಯಾ ಬಗ್ಗುತ್ತದೆ) ಎಂದು ಬರುತ್ತದೆ, ಡಿಸ್ಕ್ ವಿಧಾನ ಅಂತೆ. ನಂಬಬಹುದೇ?

ಪೆಟ್ರಿಡಿಶ್
ನಂಬಬೇಡಿ. ಕಾಲಿಸ್ಟಿನ್ ದೊಡ್ಡ ಅಣು, ಅಗಾರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ. ಹಾಗಾಗಿ ಡಿಸ್ಕ್ ಸುತ್ತಲಿನ ವೃತ್ತದ ಅಳತೆಗೆ ಬೆಲೆಯಿಲ್ಲ. ಬ್ರಾತ್ ಮೈಕ್ರೊಡೈಲ್ಯೂಷನ್ (ದ್ರವದಲ್ಲಿ ಔಷಧಿಯನ್ನು ಹಂತಹಂತವಾಗಿ ತೆಳುಗೊಳಿಸಿ ನೋಡುವ ವಿಧಾನ) ಬೇಕು. ಇನ್ನೂ ಒಂದು ಮಾತು: ಲ್ಯಾಬ್ ಮಾನದಂಡ ಬರೆಯುವ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐ 2020ರಿಂದ ಕಾಲಿಸ್ಟಿನ್‌ಗೆ "ಎಸ್" ವರ್ಗವನ್ನೇ ತೆಗೆದುಹಾಕಿದೆ. ಎಂಐಸಿ (ಬೆಳವಣಿಗೆ ತಡೆಯಲು ಬೇಕಾದ ಕನಿಷ್ಠ ಔಷಧಿ ಪ್ರಮಾಣ) 2 ಅಥವಾ ಕಡಿಮೆ ಇದ್ದರೆ ಇಂಟರ್‌ಮೀಡಿಯೆಟ್, 4 ಅಥವಾ ಹೆಚ್ಚಿದ್ದರೆ ರೆಸಿಸ್ಟೆಂಟ್. ಇವತ್ತಿಗೂ "ಎಸ್" ಅಚ್ಚು ಹಾಕುವ ಲ್ಯಾಬಿಗೆ ಯಾವ ವರ್ಷದ ಬ್ರೇಕ್‌ಪಾಯಿಂಟ್ (ಈ ವರ್ಗಗಳ ಗಡಿ ಅಂಕಿ) ಬಳಸುತ್ತೀರಿ ಎಂದು ಬರವಣಿಗೆಯಲ್ಲೇ ಕೇಳಿ.

ಕಾರ್ಬಪೆನೆಮ್ (ಮೆರೋಪೆನೆಮ್ ಸೇರಿದ ಗುಂಪು) ರೆಸಿಸ್ಟೆಂಟ್ ಬಂದರೆ ಔಷಧಿಯನ್ನು ಒಡೆಯುವ ಕಿಣ್ವ ಯಾವುದು ಎಂದೂ ಕೇಳಿ. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಓಎಕ್ಸ್‌ಎ-48 ಇದ್ದಲ್ಲಿ ಕೆಲಸ ಮಾಡುತ್ತದೆ, ಎನ್‌ಡಿಎಂ ಇದ್ದಲ್ಲಿ ಒಂಟಿಯಾಗಿ ಮಾಡುವುದಿಲ್ಲ, ಅಜ್‌ಟ್ರಿಯೋನಾಮ್ ಜೊತೆ ಸೇರಿಸಬೇಕು. ನಮ್ಮ ದೇಶದಲ್ಲಿ ಎನ್‌ಡಿಎಂ ಸಾಮಾನ್ಯ. ಕಿಣ್ವ ತಿಳಿಯದೆ ಅಷ್ಟು ದುಬಾರಿ ವಯಲ್ ಒಡೆಯುವುದು ದುಡ್ಡನ್ನು ಹೊಳೆಗೆ ಎಸೆದಂತೆ.

ಇಂಡೆಂಟ್_ಪುಸ್ತಕ
ಸರ್ಜನ್‌ಗಳ ವಿಷಯ: ಐದು ದಿನದಿಂದ ಒಂದೇ ಡೋಸ್‌ಗೆ ಒಮ್ಮೆಲೇ ಇಳಿಯಿರಿ ಎಂದರೆ ಜಗಳ. ಮೊದಲು ಸಮಯ ಸರಿಪಡಿಸಿ. ಸೆಫಾಜೋಲಿನ್ 2 ಗ್ರಾಂ, ಚರ್ಮ ಕೊಯ್ಯುವ 60 ನಿಮಿಷದೊಳಗೆ. ವಾರ್ಡಿನಲ್ಲಿ ಬೆಳಿಗ್ಗೆ ಆರಕ್ಕೆ ಕೊಟ್ಟು ಹನ್ನೊಂದಕ್ಕೆ ಒಟಿಗೆ ಹೋದರೆ ಅದು ಲೆಕ್ಕಕ್ಕಿಲ್ಲ, ಹಾಗಾಗಿ ಔಷಧಿ ಒಟಿ ಟ್ರಾಲಿಯಲ್ಲೇ ಇರಲಿ, ಅನಸ್ತೇಶಿಯಾದವರು ಕೊಡಲಿ. ಆಪರೇಷನ್ 4 ಗಂಟೆ ದಾಟಿದರೆ ಇನ್ನೊಂದು ಡೋಸ್. ಆಮೇಲೆ 24 ಗಂಟೆಗೆ ನಿಲ್ಲಿಸುವ ನಿಯಮ. ಒಬ್ಬ ಒಪ್ಪುವ ಸರ್ಜನ್, ಒಂದು ಬಗೆಯ ಆಪರೇಷನ್, ಗಾಯದ ಸೋಂಕನ್ನು 30 ದಿನ ಫೋನ್ ಮಾಡಿ ಎಣಿಸುವುದು. ಉಳಿದ ಸರ್ಜನ್‌ಗಳು ನಮ್ಮ ಮಾತಿಗಿಂತ ಆ ಅಂಕಿಯನ್ನು ನಂಬುತ್ತಾರೆ.

ಕೈ_ತೊಳೆದು_ಬನ್ನಿ
ಎಲ್ಲರೂ ಔಷಧಿ ಬಗ್ಗೆ ಬರೆದರು. ರೆಸಿಸ್ಟೆಂಟ್ ಕ್ಲೆಬ್ಸಿಯೆಲ್ಲಾ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವುದು ಹೆಚ್ಚಾಗಿ ಕೈಯಿಂದ, ಅದರಲ್ಲೂ ಬದಲಿಸದ ಗ್ಲೌಸ್‌ನಿಂದ.

ಹ್ಯಾಂಡ್‌ರಬ್ ದುಬಾರಿ ಅನ್ನಿಸಿದರೆ ವಿಶ್ವ ಆರೋಗ್ಯ ಸಂಸ್ಥೆಯ ಎರಡನೇ ಸೂತ್ರದಂತೆ ಫಾರ್ಮಸಿಯಲ್ಲೇ ತಯಾರಿಸಬಹುದು. 10 ಲೀಟರ್‌ಗೆ 99.8% ಐಸೊಪ್ರೊಪೈಲ್ ಆಲ್ಕೋಹಾಲ್ 7,515 ಮಿ.ಲೀ., 3% ಹೈಡ್ರೋಜನ್ ಪೆರಾಕ್ಸೈಡ್ 417 ಮಿ.ಲೀ., 98% ಗ್ಲಿಸರಾಲ್ 145 ಮಿ.ಲೀ., ಉಳಿದದ್ದು ಕುದಿಸಿ ಆರಿಸಿದ ನೀರು. ಅಂಗಡಿಯ ಪೆರಾಕ್ಸೈಡ್ 6% ಇದ್ದರೆ ಅರ್ಧವೇ ಸಾಕು, ಲೇಬಲ್ ನೋಡಿ. ಕಲಸಿ ಬಾಟಲಿಗೆ ತುಂಬಿ 72 ಗಂಟೆ ಎತ್ತಿಡಬೇಕು: ಆಲ್ಕೋಹಾಲ್ ಸ್ಪೋರ್‌ಗಳನ್ನು (ಬ್ಯಾಕ್ಟೀರಿಯಾದ ಗಟ್ಟಿ ಕವಚದ ರೂಪ) ಕೊಲ್ಲುವುದಿಲ್ಲ, ಆ ಕೆಲಸ ಪೆರಾಕ್ಸೈಡ್‌ನದ್ದು, ಅದಕ್ಕೆ ಸಮಯ ಬೇಕು. ಗ್ಲಿಸರಾಲ್ ಜಾಸ್ತಿ ಹಾಕಿದರೆ ಕೈ ಅಂಟಂಟು, ಆಮೇಲೆ ಯಾರೂ ಮುಟ್ಟುವುದಿಲ್ಲ. 1,000 ರೋಗಿ-ದಿನಕ್ಕೆ 20 ಲೀಟರ್ ಎಂಬುದು ಒಳ್ಳೆಯ ಗುರಿ; ಮೇಲಿನ 2,800ರ ಲೆಕ್ಕದಲ್ಲಿ ತಿಂಗಳಿಗೆ 56 ಲೀಟರ್. ಸ್ಟೋರ್‌ನಿಂದ 15 ಲೀಟರ್ ಮಾತ್ರ ಹೋಗುತ್ತಿದ್ದರೆ ಗೋಡೆಯ ಪೋಸ್ಟರ್ ನೋಡಿ ಸಮಾಧಾನ ಪಡಬೇಡಿ.

ಐಸಿಯು ಸಿಂಕ್ ಕೂಡ ನೋಡಿ. ಮಿಕ್ಕಿದ ಡ್ರಿಪ್, ರೈಲ್ಸ್ ಟ್ಯೂಬ್ ಫೀಡ್ ಅದರಲ್ಲಿ ಚೆಲ್ಲಿದರೆ ಡ್ರೈನ್‌ನೊಳಗಿನ ಬ್ಯಾಕ್ಟೀರಿಯಾಗೆ ಊಟ ಬಡಿಸಿದ ಹಾಗೆ. ನಲ್ಲಿಯ ನೀರು ನೇರ ಡ್ರೈನ್ ಮೇಲೆ ಬಿದ್ದರೆ ಹನಿ ಸುತ್ತ ಸಿಡಿಯುತ್ತದೆ. ಇಂಜೆಕ್ಷನ್ ತಯಾರಿಸುವ ಜಾಗ ಸಿಂಕ್ ಪಕ್ಕ ಇರಬಾರದು.

ಶೆಡ್ಯೂಲ್_ಎಚ್1
ಮೂರನೇ ಪ್ರಶ್ನೆ ಬಾಕಿ ಇದೆ. 70% ಎಂಬುದು 2024ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಘೋಷಣೆಯಲ್ಲಿ ಬಂದದ್ದು: 2030ರೊಳಗೆ ಜಗತ್ತಿನಲ್ಲಿ ಮನುಷ್ಯರಿಗೆ ಬಳಸುವ ಆಂಟಿಬಯೋಟಿಕ್‌ಗಳಲ್ಲಿ ಕನಿಷ್ಠ 70% ಆಕ್ಸೆಸ್ ಗುಂಪಿನದ್ದಾಗಿರಬೇಕು. ಪ್ರತಿರೋಧಕ್ಕೆ ಸಂಬಂಧಿಸಿದ ಸಾವು 2019ರಲ್ಲಿ 49.5 ಲಕ್ಷ ಎಂದು ಅಂದಾಜು, ಅದನ್ನು 10% ಇಳಿಸುವುದೂ ಅಲ್ಲೇ ಇದೆ. ಅದು ಜಗತ್ತಿನ ಒಟ್ಟು ಬಳಕೆಯ ಗುರಿ, ಒಪಿಡಿ ಚೀಟಿಗಳೂ ಸೇರಿ. ನಿಮ್ಮ ಐಸಿಯುಗೆ ಅದೇ ಅಳತೆಗೋಲು ಹಿಡಿದರೆ ಕೆಟ್ಟದಾಗಿ ಕಾಣುತ್ತದೆ, ಕಾಣಲೇಬೇಕು.

ಆದರೂ ವಿಭಾಗವಾರು ಲೆಕ್ಕ ಹಾಕಿ. ಸೆಫ್‌ಟ್ರಯಾಕ್ಸೋನ್, ಅಜಿತ್ರೊಮೈಸಿನ್, ಮೆರೋಪೆನೆಮ್ ಎಲ್ಲ ವಾಚ್ (ಎಚ್ಚರದಿಂದ ಬಳಸಬೇಕಾದ) ಗುಂಪು. ಸೆಫಾಜೋಲಿನ್, ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್, ಅಮಿಕಾಸಿನ್, ನೈಟ್ರೊಫ್ಯುರಾಂಟಾಯಿನ್ ಆಕ್ಸೆಸ್. ಕಾಲಿಸ್ಟಿನ್, ಲಿನೆಜೋಲಿಡ್ ರಿಸರ್ವ್ (ಕೊನೆಯ ಅಸ್ತ್ರ). ಮೇಲೆ ಹೇಳಿದ ಸಿಸೇರಿಯನ್, ಹರ್ನಿಯಾ ಬದಲಾವಣೆಯೊಂದೇ ಆ ಆಪರೇಷನ್‌ಗಳ ವಾಚ್ ಬಳಕೆಯನ್ನು ಐದು ದಿನದಿಂದ ಸೊನ್ನೆಗೆ ತರುತ್ತದೆ, ಐಸಿಯು ಮುಟ್ಟಬೇಕಾಗಿಯೇ ಇಲ್ಲ.

ಕಾನೂನಿನ ಕಡೆ ಒಂದು: 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 (ಮಾರಾಟದ ದಾಖಲೆ ಇಡಲೇಬೇಕಾದ ಔಷಧಿಗಳ ಪಟ್ಟಿ) ಇದೆ. ಮೂರನೇ ತಲೆಮಾರಿನ ಸೆಫಲೊಸ್ಪೊರಿನ್, ಕಾರ್ಬಪೆನೆಮ್ ಅದರಲ್ಲಿವೆ. ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಇವು ಪ್ರತ್ಯೇಕ ರಿಜಿಸ್ಟರಿನಲ್ಲಿ 3 ವರ್ಷ ಇರಬೇಕು. ನಿಮ್ಮ ಕೌಂಟರಿನಲ್ಲಿ ಆ ರಿಜಿಸ್ಟರ್ ಇದ್ದೇ ಇರುತ್ತದೆ, ಇನ್‌ಸ್ಪೆಕ್ಟರ್ ಬಂದಾಗ ಮಾತ್ರ ತೆರೆಯುವುದು. ಡಿಸ್ಚಾರ್ಜ್ ಚೀಟಿಯಲ್ಲಿ ಯಾವ ವಿಭಾಗ ಎಷ್ಟು ಸೆಫಿಕ್ಸಿಮ್ ಬರೆಯುತ್ತಿದೆ ಎಂಬುದು ಅದರಲ್ಲೇ ಸಿಗುತ್ತದೆ.

ಸೋಂಕು_ಸಮಿತಿ_120
ರಿಜಿಸ್ಟರ್ ತರಿಸಿದ್ದೇವೆ. ಹೆಚ್ಚು ಬರೆದಿರುವುದು ಐಸಿಯು ಅಲ್ಲ, ಆರ್ಥೋ. ಮೊದಲ ವಿಮರ್ಶೆ ಅಲ್ಲಿಂದಲೇ. ಲ್ಯಾಬಿಗೆ ಎಕ್ಸೆಲ್ ಕೇಳಿ ಪತ್ರ ಹೋಗಿದೆ.