ಯಾವ ತಪ್ಪಿಗೂ 'ಇನ್‌ವ್ಯಾಲಿಡ್ ರಿಕ್ವೆಸ್ಟ್' ಅಂದರೆ ಸಾಕಾ?

ಪ್ರಶ್ನೆ

ನಮ್ಮ ಎಪಿಐಗೆ (ಬೇರೆ ಪ್ರೋಗ್ರಾಂಗಳು ನಮ್ಮ ಸರ್ವರ್‌ನಿಂದ ಡೇಟಾ ಕೇಳುವ ದಾರಿ) ಯಾವ ಪ್ಯಾರಾಮೀಟರ್ (ರಿಕ್ವೆಸ್ಟ್ ಜೊತೆ ಕಳಿಸುವ ಮೌಲ್ಯ) ತಪ್ಪಾಗಿ ಬಂದರೂ 400 ಸ್ಟೇಟಸ್ (ರಿಕ್ವೆಸ್ಟ್‌ನಲ್ಲೇ ತಪ್ಪಿದೆ ಅನ್ನೋ ಕೋಡ್), ಜೊತೆಗೆ 'ಇನ್‌ವ್ಯಾಲಿಡ್ ರಿಕ್ವೆಸ್ಟ್' ಅನ್ನೋ ಒಂದೇ ಸಾಲು ಹೋಗುತ್ತದೆ. ಬಳಸುವವರು ಏನು ತಪ್ಪಾಯ್ತು ಅಂತ ನಮಗೆ ಮೇಲ್ ಹಾಕಿ ಕೇಳುತ್ತಾರೆ. ವಿವರ ಕೊಟ್ಟರೆ ಸೆಕ್ಯುರಿಟಿಗೆ ತೊಂದರೆ ಅಂತ ತಂಡದಲ್ಲಿ ಒಬ್ಬರ ವಾದ. ಎಷ್ಟು ಹೇಳಬೇಕು?

ಉತ್ತರ 1

ಯಾವ ಫೀಲ್ಡ್, ಏನು ಬಂತು, ಏನು ಬರಬೇಕಿತ್ತು, ಇಷ್ಟನ್ನಂತೂ ಹೇಳಲೇಬೇಕು. "ಎಂಡ್‌ಡೇಟ್: 2024-02-30 ಅನ್ನೋ ದಿನಾಂಕ ಇಲ್ಲ. 2024ರ ಫೆಬ್ರವರಿಗೆ 29 ದಿನ." ಇದನ್ನು ಓದಿದವರು ಮೇಲ್ ಹಾಕುವುದಿಲ್ಲ, ತಿದ್ದಿ ಮತ್ತೆ ಕಳಿಸುತ್ತಾರೆ.

ಎರರ್ ಬರಬೇಕಾದ ಕಡೆ ಬರದಿದ್ದರೆ ನನಗೆ ಇನ್ನೂ ಜಾಸ್ತಿ ಭಯ. ಜಾವಾಸ್ಕ್ರಿಪ್ಟ್‌ನ ಡೇಟ್‌ಗೆ ವರ್ಷ, ತಿಂಗಳು, ದಿನ ಬಿಡಿಬಿಡಿಯಾಗಿ ಕೊಟ್ಟು ಇದೇ ಫೆಬ್ರವರಿ 30 ಕೇಳಿ ನೋಡಿ. ತಕರಾರಿಲ್ಲದೆ ಮಾರ್ಚ್ 1 ಮಾಡಿಕೊಳ್ಳುತ್ತದೆ. ಸ್ಟ್ರಿಂಗನ್ನು ಸಂಖ್ಯೆ ಮಾಡುವ ಅದರ ಪಾರ್ಸ್‌ಇಂಟ್‌ಗೆ '12ಕೆಜಿ' ಕೊಟ್ಟರೆ 12 ಅನ್ನುತ್ತದೆ. ಅದೇ ಕೆಲಸ ಮಾಡುವ ಪೈಥಾನ್‌ನ ಇಂಟ್ ಹಾಗಲ್ಲ. ವ್ಯಾಲ್ಯೂಎರರ್ ಎಸೆಯುತ್ತದೆ, ಬಂದ ಸ್ಟ್ರಿಂಗನ್ನೂ ಅದರಲ್ಲೇ ತೋರಿಸುತ್ತದೆ. ಇದೇ ಸರಿ ಅಲ್ವಾ? ಊಹೆ ಮಾಡಿ ಒಪ್ಪಿಕೊಂಡ ಡೇಟಾ ಒಳಗೆ ಸೇರಿಬಿಟ್ಟರೆ, ಆಮೇಲೆ ಅದು ಎಲ್ಲಿಂದ ಬಂತು ಅಂತ ಹುಡುಕೋದು ನರಕ.

ಎಷ್ಟು ಫಲಿತಾಂಶ ಬೇಕು ಅಂತ ಹೇಳುವ ಲಿಮಿಟ್ ಬದಲು 'ಲಿಮ್ಟ್' ಅಂತ ಬಂದರೂ ಅಷ್ಟೇ. ಹೆಸರು ಗೊತ್ತಿಲ್ಲ ಅಂತ ಸುಮ್ನೆ ಬಿಟ್ಟುಬಿಡಬೇಡಿ. "ಲಿಮ್ಟ್ ಅನ್ನೋ ಪ್ಯಾರಾಮೀಟರ್ ಇಲ್ಲ, ಲಿಮಿಟ್ ಇರಬಹುದಾ?" ಅಂತ ಕೇಳಿ. ಇಲ್ಲದಿದ್ದರೆ ಕಳಿಸಿದವರು ತಾವು 10 ಕೇಳಿದ್ದೇವೆ ಅಂದುಕೊಂಡಿರುತ್ತಾರೆ, ನೀವು ಡೀಫಾಲ್ಟ್ 100 ಕೊಡುತ್ತಿರುತ್ತೀರಿ.

ಉತ್ತರ 2

ಸೆಕ್ಯುರಿಟಿ ವಾದವನ್ನು ಪೂರ್ತಿ ತಳ್ಳಿಹಾಕೋ ಹಾಗಿಲ್ಲ. ಲಾಗಿನ್‌ನಲ್ಲಿ "ಈ ಇಮೇಲ್ ನಮ್ಮಲ್ಲಿಲ್ಲ" ಅಂದರೆ ಯಾರ ಖಾತೆ ಇದೆ, ಯಾರದ್ದಿಲ್ಲ ಅಂತ ಹೊರಗಿನವರು ಪರೀಕ್ಷಿಸಬಹುದು.

ಉತ್ತರ 1 ಬರೆದವರಿಂದ

ಹೌದು, ಲಾಗಿನ್‌ಗೆ ಒಂದೇ ಸಾಲು ಸಾಕು. ಪಾಸ್‌ವರ್ಡ್, ಟೋಕನ್‌ಗಳನ್ನು ಮೆಸೇಜ್‌ನಲ್ಲಿ ವಾಪಸ್ ತೋರಿಸಲೇಬಾರದು. ಸ್ಟ್ಯಾಕ್ ಟ್ರೇಸ್ (ಕೋಡ್‌ನಲ್ಲಿ ಎರರ್ ಎಲ್ಲಿ ಬಂತು ಅನ್ನೋ ಪಟ್ಟಿ), ಡೇಟಾಬೇಸ್ ಟೇಬಲ್ ಹೆಸರು ನಿಮ್ಮ ಲಾಗ್‌ನಲ್ಲೇ ಇರಲಿ. ಆದರೆ ದಿನಾಂಕ ಯಾವ ಕ್ರಮದಲ್ಲಿರಬೇಕು ಅನ್ನೋದರಲ್ಲಿ ಗುಟ್ಟೇನಿದೆ? ಅದು ಡಾಕ್ಯುಮೆಂಟೇಶನ್‌ನಲ್ಲೇ ಇರುತ್ತದೆ.

ಪ್ರಶ್ನೆ ಕೇಳಿದವರು

ಐದು ಫೀಲ್ಡ್ ತಪ್ಪಿದ್ದರೆ ಮೊದಲನೆಯದಕ್ಕೇ ನಿಲ್ಲಿಸಬೇಕಾ?

ಉತ್ತರ 1 ಬರೆದವರಿಂದ

ಬೇಡ. ಐದನ್ನೂ ಒಟ್ಟಿಗೆ ಕೊಡಿ. ಒಂದು ತಿದ್ದಿದ ಮೇಲೆ ಇನ್ನೊಂದು ಹೇಳಿದರೆ ಯಾರಿಗಾದರೂ ತಾಳ್ಮೆ ಕೆಡುತ್ತದೆ. ಪೈಡ್ಯಾಂಟಿಕ್ (ಬಂದ ಡೇಟಾ ಪರೀಕ್ಷಿಸುವ ಪೈಥಾನ್ ಲೈಬ್ರರಿ) ಬಳಸುತ್ತಿದ್ದರೆ ಅದೇ ಎಲ್ಲವನ್ನೂ ಕೂಡಿಸಿ ಕೊಡುತ್ತದೆ. ಉತ್ತರದ ರೂಪಕ್ಕೆ 2023ರ ಆರ್‌ಎಫ್‌ಸಿ 9457 (ಎಪಿಐ ಎರರ್ ಹೇಗಿರಬೇಕು ಅನ್ನೋ ಇಂಟರ್ನೆಟ್ ಸ್ಟ್ಯಾಂಡರ್ಡ್) ನೋಡಿ. ಟೈಪ್, ಟೈಟಲ್, ಸ್ಟೇಟಸ್, ಡೀಟೇಲ್ ಅಂತ ಫೀಲ್ಡ್‌ಗಳು ಅದರಲ್ಲಿ ಸಿದ್ಧ ಇವೆ, ನಿಮ್ಮದನ್ನೂ ಸೇರಿಸಬಹುದು. ಯಾವ ಬಗೆಯ ತಪ್ಪು ಅಂತ ಗುರುತಿಸುವ ಟೈಪ್ ಮಾತ್ರ ಒಮ್ಮೆ ಇಟ್ಟ ಮೇಲೆ ಬದಲಾಯಿಸಬೇಡಿ. ಬಳಸುವವರ ಕೋಡ್ ಅದನ್ನೇ ನಂಬಿಕೊಂಡಿರುತ್ತದೆ.