ಹಾಫ್ ಟೈಮ್ 15 ನಿಮಿಷ, ಎಂಟು ಜನ, ಒಂದೇ ಬಾಣಲೆ: ಫ್ರೈಡ್ ರೈಸ್, ನೂಡಲ್ಸ್, ಮೋಮೋ ಮೂರೂ ಆಗುತ್ತಾ?

ಬೆಂಚ್_ಪ್ಲೇಯರ್

ಶನಿವಾರ ರಾತ್ರಿ ನಮ್ಮ ತಂಡದ ಫುಟ್‌ಬಾಲ್ ಮ್ಯಾಚ್, ಮನೇಲಿ ಎಂಟು ಜನ ಸೇರ್ತೀವಿ. ವೆಜ್ ಫ್ರೈಡ್ ರೈಸ್, ಹಕ್ಕಾ ನೂಡಲ್ಸ್, ಚಿಕನ್ ಮೋಮೋ ಮೂರನ್ನೂ ಹಾಫ್ ಟೈಮ್‌ನಲ್ಲೇ ಬಿಸಿಬಿಸಿಯಾಗಿ ಕೊಡಬೇಕು ಅನ್ನೋ ಯೋಚನೆ. ಇರೋದು ಎರಡು ಬರ್ನರ್ ಗ್ಯಾಸ್ ಒಲೆ, ಒಂದು ದೊಡ್ಡ ಕಬ್ಬಿಣದ ಬಾಣಲೆ, ಎರಡು ಅಂತಸ್ತಿನ ಹಬೆ ಪಾತ್ರೆ. ಅನ್ನ ಮುದ್ದೆಯಾಗಬಾರದು, ನೂಡಲ್ಸ್ ಗಂಟು ಕಟ್ಟಬಾರದು, ಮೋಮೋ ತಟ್ಟೆಗೆ ಅಂಟಿ ಹರಿಯಬಾರದು. ಸೆಕೆಂಡ್ ಹಾಫ್ ಶುರುವಾದಾಗ ನಾನೂ ಟೀವಿ ಮುಂದೆ ಇರಬೇಕು. ಅಳತೆ ಸಮೇತ ಹೇಳಿದ್ರೆ ಉಪಕಾರ.

ಕಬ್ಬಿಣದ_ಬಾಣಲೆ

ಮೂರೂ ಆಗಲ್ಲ ಗುರು. ಅನ್ನ, ನೂಡಲ್ಸ್ ಎರಡಕ್ಕೂ ಬಾಣಲೆಯೇ ಬೇಕು, ನಿಮ್ಮ ಹತ್ರ ಇರೋದು ಒಂದು. ನೂಡಲ್ಸ್ ಕೈಬಿಡಿ. ಒಂದು ಬರ್ನರ್‌ನಲ್ಲಿ ಹಬೆ, ಇನ್ನೊಂದರಲ್ಲಿ ಬಾಣಲೆ.

ಲೆಕ್ಕ ಹೀಗಿದೆ. ಮೋಮೋ ಜೊತೆಗಿದ್ದರೆ ಎಂಟು ಜನಕ್ಕೆ 450 ಗ್ರಾಂ ಅಕ್ಕಿ ಸಾಕು, ಬೆಂದ ಮೇಲೆ ಸುಮಾರು 1.2 ಕೆಜಿ ಅನ್ನ ಆಗುತ್ತೆ. ಅದನ್ನು ಒಟ್ಟಿಗೆ ಬಾಣಲೆಗೆ ಸುರಿಯಬೇಡಿ. ಒಂದು ಸಲಕ್ಕೆ 300 ಗ್ರಾಂ, ತಲಾ 3 ನಿಮಿಷ, ನಾಲ್ಕು ಸಲ. 12 ನಿಮಿಷದಲ್ಲಿ ಮುಗೀತು. ಹೋಟೆಲಿನ ಒಲೆಯ ಉರಿ ಮನೆ ಒಲೆಗಿಂತ ಹಲವು ಪಟ್ಟು ಜೋರು. ಮನೆಯಲ್ಲಿ ಒಂದೂಕಾಲು ಕೆಜಿ ತಣ್ಣನೆ ಅನ್ನ ಬಿದ್ದ ತಕ್ಷಣ ಬಾಣಲೆ ತಣ್ಣಗಾಗುತ್ತೆ, ನೀರಿನಂಶ ಹಾರಿಹೋಗದೆ ಅಲ್ಲೇ ನಿಲ್ಲುತ್ತೆ, ಅನ್ನ ಹುರಿಯೋ ಬದಲು ಬೇಯೋಕೆ ಶುರುವಾಗುತ್ತೆ. ಮುದ್ದೆಯಾಗೋದು ಅಲ್ಲಿ.

ಅನ್ನ ಹಿಂದಿನ ದಿನವೇ ಮಾಡಿ. ಅಕ್ಕಿಯನ್ನು ನೀರು ತಿಳಿಯಾಗೋವರೆಗೆ ತೊಳೆದು, ಧಾರಾಳ ನೀರಲ್ಲಿ ಕುದಿಸಿ, ಕಾಳಿನ ನಡುವೆ ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಬಸಿಯಿರಿ. ಅಗಲದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಫ್ಯಾನ್ ಕೆಳಗೆ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ. ರಾತ್ರಿಯಿಡೀ ಹೊರಗೆ ಬಿಡೋದು ಬೇಡವೇ ಬೇಡ. ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಬೆಳೆದು ಬಿಡೋ ವಿಷ, ಆಮೇಲೆ ಎಷ್ಟು ಹುರಿದರೂ ಹೋಗಲ್ಲ.

ಹುರಿಯೋ ಕ್ರಮ: ಬಾಣಲೆ ಹೊಗೆಯಾಡೋವಷ್ಟು ಕಾಯಲಿ, 1 ದೊಡ್ಡ ಚಮಚ ಎಣ್ಣೆ, ಬೆಳ್ಳುಳ್ಳಿ ಹತ್ತು ಸೆಕೆಂಡ್, ಸಣ್ಣಗೆ ಹೆಚ್ಚಿದ ಬೀನ್ಸ್, ಕ್ಯಾರೆಟ್ ಒಂದು ಹಿಡಿ ಮುಕ್ಕಾಲು ನಿಮಿಷ, ಆಮೇಲೆ ಅನ್ನ. ಗಂಟುಗಳನ್ನು ಮೊದಲೇ ಒದ್ದೆ ಕೈಯಲ್ಲಿ ಬಿಡಿಸಿಟ್ಟಿರಿ, ಬಾಣಲೆಯಲ್ಲಿ ಸಟ್ಟುಗದಿಂದ ಕುಟ್ಟಿದರೆ ಕಾಳು ಮುರಿಯುತ್ತೆ. ಸೋಯಾ ಸಾಸ್ ಪ್ರತಿ ಸಲಕ್ಕೆ 1 ಟೀ ಚಮಚ ಮಾತ್ರ, ಅದೂ ಅನ್ನದ ಮೇಲಲ್ಲ, ಬಾಣಲೆಯ ಕಾದ ಅಂಚಿಗೆ. ಉಳಿದ ರುಚಿ ಉಪ್ಪಿನಿಂದ ಬರಲಿ. ಬಣ್ಣ ಬರಲಿ ಅಂತ ಸೋಯಾ ಸುರಿಯೋರು ಅನ್ನವನ್ನು ಒದ್ದೆ ಮಾಡಿಕೊಳ್ತಾರೆ, ಅಷ್ಟೆ.

ಹಬೆ_ಪಾತ್ರೆ

ಬಾಣಲೆಯವರು ಹೇಳಿದ್ದು ಸರಿ. ಆದ್ರೆ ಅನ್ನ ಹಿಂದಿನ ದಿನದ್ದೇ ಆಗಬೇಕು ಅಂತ ಕಡ್ಡಾಯ ಇಲ್ಲ. ಬೇಕಿರೋದು ಕಾಳಿನ ಮೇಲ್ಮೈ ಒಣಗಿರೋದು. ಬಸಿದ ಅನ್ನವನ್ನು ತೆಳುವಾಗಿ ಹರಡಿ ಅರ್ಧ ಗಂಟೆ ಜೋರು ಫ್ಯಾನ್ ಕೆಳಗಿಟ್ಟರೂ ಕೆಲಸ ನಡೆಯುತ್ತೆ. ಮುಚ್ಚಳ ಹಾಕಿ ಇಟ್ಟ ಹಳೇ ಅನ್ನಕ್ಕಿಂತ ಇದೇ ಎಷ್ಟೋ ವಾಸಿ.

ಮೋಮೋಗೆ ಬರ್ತೀನಿ. ತಲಾ 6 ಅಂದ್ರೆ 48. ಮೈದಾ 400 ಗ್ರಾಂ, ನೀರು 200 ಮಿ.ಲೀ., ಅರ್ಧ ಟೀ ಚಮಚ ಉಪ್ಪು. ಹಿಟ್ಟು ಗಟ್ಟಿ ಅನ್ನಿಸುತ್ತೆ, ಆದ್ರೂ ನೀರು ಜಾಸ್ತಿ ಹಾಕಬೇಡಿ. ಎಂಟು ನಿಮಿಷ ನಾದಿ, ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ತಾನಾಗೇ ಮೆತ್ತಗಾಗುತ್ತೆ. 12 ಗ್ರಾಂನ ಉಂಡೆ, 8-9 ಸೆಂ.ಮೀ. ಅಗಲ. ಅಂಚು ತೆಳ್ಳಗೆ, ನಡುವೆ ದಪ್ಪ ಲಟ್ಟಿಸಿ. ಒಂದೇ ಸಮ ಲಟ್ಟಿಸಿದರೆ ಮಡಿಕೆ ಸೇರೋ ಮೇಲ್ಭಾಗ ಹಸಿಯಾಗಿ ಉಳಿಯುತ್ತೆ, ತಳ ಹರಿಯುತ್ತೆ.

ಹೂರಣಕ್ಕೆ ಚಿಕನ್ ಕೀಮಾ 350 ಗ್ರಾಂ, ಎಲೆಕೋಸು 400 ಗ್ರಾಂ. ಕೋಸನ್ನು ಸಣ್ಣಗೆ ಕೊಚ್ಚಿ 1 ಟೀ ಚಮಚ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟು ಬಟ್ಟೆಯಲ್ಲಿ ಹಿಂಡಿ. ಈ ಒಂದು ಕೆಲಸ ತಪ್ಪಿಸಿದರೆ ಮಿಕ್ಕಿದ್ದೆಲ್ಲ ವ್ಯರ್ಥ. ಕೋಸಿನ ನೀರು ಒಳಗಿಂದ ಹಾಳೆಯನ್ನು ನೆನೆಸುತ್ತೆ. ಆ ಉಪ್ಪಲ್ಲಿ ಸ್ವಲ್ಪ ಹಿಂಡಿದ ನೀರಿನ ಜೊತೆ ಹೋಗಿರುತ್ತೆ, ಆದ್ದರಿಂದ ಒಂದು ಚಿಟಿಕೆ ಹೂರಣವನ್ನು ಬಾಣಲೆಯಲ್ಲಿ ಬೇಯಿಸಿ ರುಚಿ ನೋಡಿ ಆಮೇಲೆ ಉಪ್ಪು ಸೇರಿಸಿ.

ಶುಕ್ರವಾರವೇ ಮಡಚಿ, ಹಿಟ್ಟು ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಫ್ರೀಜರ್‌ನಲ್ಲಿಡಿ. ಎರಡು ಗಂಟೆಯಲ್ಲಿ ಕಲ್ಲಾಗುತ್ತೆ, ಆಮೇಲೆ ಕವರ್‌ಗೆ ತುಂಬಬಹುದು. ಬೇಯಿಸೋ ಮುಂಚೆ ಕರಗಿಸಬೇಡಿ. ಕರಗಿದರೆ ಹಾಳೆ ಒದ್ದೆಯಾಗಿ ಅಂಟುತ್ತೆ. ಫ್ರೀಜರ್‌ನಿಂದ ನೇರ ಹಬೆಗೆ, 12-14 ನಿಮಿಷ. ಚಿಕನ್ ಆದ್ದರಿಂದ ಒಂದನ್ನು ಕತ್ತರಿಸಿ ನೋಡಿ, ನಡುವೆ ಗುಲಾಬಿ ಬಣ್ಣ ಇರಬಾರದು. ತಟ್ಟೆಗೆ ಎಣ್ಣೆ ಸವರಿ, ಇಲ್ಲವೇ ಎಲೆಕೋಸಿನ ಎಲೆ ಹಾಸಿ. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಇಲ್ಲದಿದ್ರೆ ತೊಟ್ಟಿಕ್ಕೋ ನೀರು ಮೋಮೋ ಮೇಲೆ ಬೀಳುತ್ತೆ. ಬಟ್ಟೆಯ ತುದಿಗಳನ್ನು ಮೇಲಕ್ಕೆ ಗಂಟು ಹಾಕಿ, ಉರಿಗೆ ತಾಗದ ಹಾಗೆ.

ಒಂದು ಅಂತಸ್ತಿಗೆ 12 ಹಿಡಿಯುತ್ತೆ ಅಂದ್ಕೊಳ್ಳೋಣ, ಎರಡಕ್ಕೆ 24. ಅಂದ್ರೆ ಎರಡು ಸರದಿ. ಮ್ಯಾಚಿನ 20ನೇ ನಿಮಿಷಕ್ಕೆ ನೀರು ಕಾಯಲಿಡಿ, 32ಕ್ಕೆ ಮೊದಲ ಸರದಿ ಒಳಗೆ. ಸೀಟಿ ಊದೋ ಹೊತ್ತಿಗೆ ಅದು ರೆಡಿ. ಅದನ್ನು ತೆಗೆದು ಎರಡನೇದು ಇಟ್ಟು, ಬಾಣಲೆ ಹಚ್ಚಿ. ಜನ ಮೋಮೋ ತಿಂತಾ ಇರುವಾಗ ಅನ್ನ ಆಗುತ್ತೆ.

ರೆಫ್ರಿ_ಸೀಟಿ

ಅಡುಗೆ ಬಗ್ಗೆ ಇವರೆಲ್ಲ ಹೇಳಿದ್ದಾರೆ, ಗಡಿಯಾರದ ಬಗ್ಗೆ ನಾಲ್ಕು ಮಾತು. ಫುಟ್‌ಬಾಲ್ ನಿಯಮದ ಪ್ರಕಾರ ವಿರಾಮ 15 ನಿಮಿಷ ಮೀರುವಂತಿಲ್ಲ. ಮೊದಲರ್ಧಕ್ಕೆ ಎಷ್ಟು ಹೆಚ್ಚುವರಿ ನಿಮಿಷ ಸೇರುತ್ತೆ ಅನ್ನೋದು ಕೊನೇ ಗಳಿಗೆವರೆಗೂ ಗೊತ್ತಾಗಲ್ಲ. ಅದಕ್ಕೇ ಬೇಗ ಕೆಡದ್ದನ್ನು ಮೊದಲು ಮಾಡಬೇಕು. ಮೋಮೋ ಉರಿ ಆರಿಸಿ ಮುಚ್ಚಳ ಸ್ವಲ್ಪ ಸರಿಸಿದರೆ ಐದು ನಿಮಿಷ ತಡೆಯುತ್ತೆ, ಫ್ರೈಡ್ ರೈಸ್ ತಡೆಯಲ್ಲ. ನಾಕೌಟ್ ಮ್ಯಾಚ್ ಆಗಿದ್ದರೆ ಎಕ್ಸ್‌ಟ್ರಾ ಟೈಮ್ ನಂಬಿ ಏನೂ ಉಳಿಸಬೇಡಿ, ಅದರ ನಡುವೆ ಸಿಗೋದು ನೀರು ಕುಡಿಯೋಕೆ ಒಂದು ನಿಮಿಷ.

ಟಿ20ಗೆ ಇದೇ ಪ್ಲಾನ್ ಇನ್ನೂ ಸಲೀಸು, ಇನಿಂಗ್ಸ್ ನಡುವೆ ಸಾಮಾನ್ಯವಾಗಿ 20 ನಿಮಿಷ ಇರುತ್ತೆ. ಆದ್ರೆ ಮಳೆ ಬಂದು ಓವರ್ ಕಡಿಮೆಯಾದರೆ ವಿರಾಮಕ್ಕೂ ಕತ್ತರಿ ಬೀಳಬಹುದು. ಆಲೌಟ್ ಆದರಂತೂ ಹೊತ್ತಿಗೆ ಮುಂಚೆಯೇ ಅಡುಗೆಮನೆಗೆ ಓಡಬೇಕು, ಎಂಟು ವಿಕೆಟ್ ಬಿದ್ದಾಗಲೇ ನೀರು ಕಾಯಲಿಡಿ. ಕಬಡ್ಡಿಯಲ್ಲಿ 20 ನಿಮಿಷದ ಎರಡು ಅವಧಿ, ನಡುವೆ 5 ನಿಮಿಷ. ಅಲ್ಲಿ ಬಾಣಲೆ ಮುಟ್ಟಲೇಬೇಡಿ, ಬರೀ ಮೋಮೋ.

ಎಳೆ_ಎಳೆ

ನೂಡಲ್ಸೇ ಬೇಕು ಅಂತ ಯಾರಾದರೂ ಹಠ ಹಿಡಿದರೆ ಅನ್ನ ಬಿಟ್ಟು ಅದನ್ನು ಮಾಡಿ. ಒಣ ನೂಡಲ್ಸ್ ತಲಾ 60 ಗ್ರಾಂ. ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ಒಂದು ನಿಮಿಷ ಕಮ್ಮಿ ಬೇಯಿಸಿ, ತಕ್ಷಣ ಬಸಿದು ತಣ್ಣೀರಲ್ಲಿ ಕೈಯಾಡಿಸಿ ತೊಳೆಯಿರಿ. ಎಳೆಗಳ ಮೇಲೆ ಉಳಿದ ಗಂಜಿಯೇ ಆರುತ್ತಾ ಅಂಟಾಗೋದು, ಬರೀ ಎಣ್ಣೆ ಸುರಿದರೆ ಅದು ಹೋಗಲ್ಲ. ಹತ್ತು ನಿಮಿಷ ಜಾಲರಿಯಲ್ಲಿ ನೀರಿಳಿಯಲಿ, ಆಮೇಲೆ 2 ಟೀ ಚಮಚ ಎಣ್ಣೆ ಸವರಿ ಹರಡಿ.

ಸಾಸ್ ಮೊದಲೇ ಬಾಟಲಿಯಲ್ಲಿ ಕಲಸಿಡಿ. ಎಂಟು ಜನಕ್ಕೆ ಸೋಯಾ 5 ದೊಡ್ಡ ಚಮಚ, ವಿನೆಗರ್ 2, ಸಕ್ಕರೆ 2 ಟೀ ಚಮಚ, ಬಿಳಿ ಮೆಣಸಿನ ಪುಡಿ 1 ಟೀ ಚಮಚ. ಇದೂ ನಾಲ್ಕು ಸಲವೇ, ಪ್ರತಿ ಸಲಕ್ಕೆ ಬಾಟಲಿಯ ಕಾಲು ಭಾಗ. ತಿರುವೋಕೆ ಸಟ್ಟುಗ ಬೇಡ, ಎಳೆ ತುಂಡಾಗುತ್ತೆ. ಚಾಪ್‌ಸ್ಟಿಕ್ ಅಥವಾ ಚಿಮಟದಿಂದ ಎತ್ತಿ ಬಿಡಿ. ಈರುಳ್ಳಿ ಸೊಪ್ಪು ಉರಿ ಆರಿಸಿದ ಮೇಲೆ.

ಬೆಂಚ್_ಪ್ಲೇಯರ್

ಸರಿ, ನೂಡಲ್ಸ್ ಈ ವಾರ ಬೆಂಚಿಗೆ. ಕೊನೇ ಪ್ರಶ್ನೆ: ಅನ್ನ, ಮೋಮೋ ಮಿಕ್ಕಿದರೆ?

ಹಬೆ_ಪಾತ್ರೆ

ಬೇಯಿಸದ ಮೋಮೋ ಫ್ರೀಜರ್‌ನಲ್ಲೇ ಇರಲಿ, ಏನೂ ಆಗಲ್ಲ. ಬೆಂದಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮಾರನೇ ದಿನ ಮತ್ತೆ ಹಬೆ ಬೇಡ, ಹಾಳೆ ಲೋಳೆಯಾಗುತ್ತೆ. ಕಾವಲಿಗೆ ಎಣ್ಣೆ ಹಾಕಿ ತಳ ಕೆಂಪಾಗೋವರೆಗೆ ಬಿಟ್ಟು, 3 ದೊಡ್ಡ ಚಮಚ ನೀರು ಚಿಮುಕಿಸಿ ಮುಚ್ಚಿ, ನೀರು ಇಂಗೋವರೆಗೆ ಬೇಯಿಸಿ. ಫ್ರೈಡ್ ರೈಸ್ ಮಾತ್ರ ಆಗಲೇ ಒಮ್ಮೆ ತಣ್ಣಗಾಗಿ ಬಿಸಿಯಾಗಿರೋದು, ಇನ್ನೊಂದು ಸಲ ಎತ್ತಿಟ್ಟು ಬಿಸಿ ಮಾಡೋದು ಬೇಡ. ಕೊನೇ 300 ಗ್ರಾಂ ಹುರಿಯೋ ಮುಂಚೆ ಯಾರಿಗೆ ಬೇಕು ಅಂತ ಕೇಳಿ, ಬೇಡ ಅಂದ್ರೆ ಅದು ಫ್ರಿಜ್‌ನಲ್ಲೇ ಇರಲಿ, ಮಾರನೇ ದಿನವೇ ಬಳಸಿ.