ರೆಡ್‌ವುಡ್ ಕಾಡಿಗೆ ಮೂರು ದಿನ: ಹೈವೇ 1ಆ, 101ಆ?

ಹಳೇದಾರಿ:
ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಕ್ರೆಸೆಂಟ್ ಸಿಟಿವರೆಗೆ ಕಾರಲ್ಲಿ ಹೋಗೋ ಯೋಚನೆ ಇದೆ. ಊರಿಂದ ಬಂದಿರೋ ಅಪ್ಪ-ಅಮ್ಮ ಜೊತೆಗಿರ್ತಾರೆ. ಅಮ್ಮನಿಗೆ ಮಂಡಿನೋವು, ಒಂದು ಮೈಲಿಗಿಂತ ಹೆಚ್ಚು ನಡೆಯೋಕಾಗಲ್ಲ. ಯಾವ ರಸ್ತೆ ಹಿಡೀಬೇಕು? ಜಗತ್ತಿನ ಅತಿ ಎತ್ತರದ ರೆಡ್‌ವುಡ್ ಮರ ಹೈಪೀರಿಯನ್ ನೋಡಬಹುದಾ? ಕಾರು ಮರದೊಳಗೇ ತೂರಿ ಹೋಗೋ ಜಾಗ ಎಲ್ಲಿದೆ?

ಮಂಜುಕಾಡು:
101 ಹಿಡೀರಿ. ಹೈವೇ 1ರಲ್ಲಿ ಸಮುದ್ರ ಚೆಂದ, ನಿಜ. ಆದರೆ ಫೋರ್ಟ್ ಬ್ರ್ಯಾಗ್ ದಾಟಿ ಲೆಗೆಟ್ ಸೇರೋವರೆಗೆ ಬರೀ ಘಾಟಿ ತಿರುವು, ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸುತ್ತೆ.

ಕಾರು ತೂರೋ ಶಾಂಡೆಲಿಯರ್ ಮರ ಲೆಗೆಟ್‌ನಲ್ಲೇ ಇದೆ, ಖಾಸಗಿ ಜಾಗ, ಟಿಕೆಟ್ ಇದೆ. ಕಿಂಡಿ 6 ಅಡಿ ಅಗಲ, 6 ಅಡಿ 9 ಇಂಚು ಎತ್ತರ. ಸಣ್ಣ ಕಾರಾದ್ರೂ ಕನ್ನಡಿ ಮಡಚಲೇಬೇಕು. ದೊಡ್ಡ ಎಸ್‌ಯುವಿ, ಮೇಲೆ ಕ್ಯಾರಿಯರ್ ಇರೋ ಗಾಡಿ ಬೇಡವೇ ಬೇಡ.

ಅಲ್ಲಿಂದ ಉತ್ತರಕ್ಕೆ ಹೋಗಿ ಫಿಲಿಪ್ಸ್‌ವಿಲ್ ಹತ್ರ 645ನೇ ಎಕ್ಸಿಟ್ ತಗೊಂಡ್ರೆ ಅವೆನ್ಯೂ ಆಫ್ ದ ಜೈಂಟ್ಸ್. ಸುಮಾರು 31 ಮೈಲಿ, 101ರ ಪಕ್ಕದಲ್ಲೇ ರೆಡ್‌ವುಡ್ ಮರಗಳ ನಡುವೆ ಸಾಗೋ ಹಳೇ ರಸ್ತೆ. ಜನ ಮಾಡೋ ತಪ್ಪು ಅಂದ್ರೆ ಕಿಟಕಿಯಿಂದಲೇ ನೋಡ್ಕೊಂಡು ಹೋಗಿಬಿಡೋದು. ಕಾರಿನೊಳಗಿಂದ ಬುಡ ಮಾತ್ರ ಕಾಣುತ್ತೆ, ಎತ್ತರದ ಅಂದಾಜೇ ಸಿಗಲ್ಲ. ಆ ದಾರೀಲಿರೋ ಫೌಂಡರ್ಸ್ ಗ್ರೋವ್ ಅನ್ನೋ ಮರದ ತೋಪಲ್ಲಿ ಇಳೀರಿ: ಅರ್ಧ ಮೈಲಿ ಸುತ್ತು, ಸಮತಟ್ಟು, ಅಮ್ಮನಿಗೆ ತೊಂದರೆಯಿಲ್ಲ. 1991ರಲ್ಲಿ ಉರುಳಿದ ಡೈಯರ್‌ವಿಲ್ ಜೈಂಟ್ ಅನ್ನೋ ಮರ ಅಲ್ಲೇ ಮಲಗಿದೆ. ಅದರ ಉದ್ದಕ್ಕೂ ನಡೆದಾಗಲೇ 360 ಅಡಿ ಅಂದ್ರೆ ಎಷ್ಟು ಅಂತ ಗೊತ್ತಾಗೋದು.

ಬೇರುಬಿಳಲು:
ಹೈಪೀರಿಯನ್ ಮರೆತುಬಿಡಿ. 2006ರಲ್ಲಿ ಪತ್ತೆಯಾದ, ಸುಮಾರು 380 ಅಡಿಯ ಈ ಮರಕ್ಕೆ ದಾರಿಯೇ ಇಲ್ಲ. ಪೊದೆ ತುಳಿದು ನುಗ್ಗೋರ ಕಾಟಕ್ಕೆ 2022ರಲ್ಲಿ ಆ ಜಾಗಾನೇ ಮುಚ್ಚಿದ್ರು. ಸಿಕ್ಕಿಬಿದ್ರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಇಷ್ಟು ಎತ್ತರದ ಮರಕ್ಕೆ ತಾಯಿಬೇರಿಲ್ಲ. ಬೇರು ಹೆಚ್ಚೂಕಡಿಮೆ 6ರಿಂದ 12 ಅಡಿ ಆಳಕ್ಕಷ್ಟೇ ಇಳಿದು, ಅಡ್ಡಕ್ಕೆ 100 ಅಡಿವರೆಗೂ ಹಬ್ಬುತ್ತೆ. ಬುಡದ ಮಣ್ಣು ಕಾಲ್ತುಳಿತಕ್ಕೆ ಗಟ್ಟಿಯಾದ್ರೆ ನೀರು, ಗಾಳಿ ಎರಡೂ ಒಳಗಿಳಿಯಲ್ಲ.

ಅದರ ಬದಲು ಕ್ರೆಸೆಂಟ್ ಸಿಟಿ ಹತ್ರದ ಸ್ಟೌಟ್ ಗ್ರೋವ್‌ಗೆ ಹೋಗಿ. ಸ್ಮಿತ್ ನದಿ ಪ್ರವಾಹದಲ್ಲಿ ಹೂಳು ತಂದು ಹಾಕೋದ್ರಿಂದ ಅಲ್ಲಿ ಪೊದೆ ಕಡಿಮೆ, ಕಂಬಗಳ ಮಂಟಪದೊಳಗೆ ನಿಂತ ಹಾಗಿರುತ್ತೆ. ಸುತ್ತು ಅರ್ಧ ಮೈಲಿಗಿಂತ ಸ್ವಲ್ಪ ಜಾಸ್ತಿ. ಪಾರ್ಕಿಂಗ್‌ನಿಂದ ಇಳಿಯೋ ಕಡೆ ಮಾತ್ರ ಕಡಿದಾದ ಇಳಿಜಾರು, ವಾಪಸ್ ಬರುವಾಗ ಅಮ್ಮನಿಗೆ ಕೋಲು ಬೇಕಾಗಬಹುದು. ಅಲ್ಲಿಗೆ ಹೋಗೋ ಹೌಲ್ಯಾಂಡ್ ಹಿಲ್ ರಸ್ತೆ ಬಹುಪಾಲು ಮಣ್ಣು, ಕೆಲವೆಡೆ ಒಂದೇ ಗಾಡಿಯ ಅಗಲ. ಮಾಮೂಲಿ ಕಾರು ಸಾಕು, ಮೋಟರ್‌ಹೋಮ್ ಬೇಡ.

ಮಂಜುಕಾಡು:
ಇನ್ನೊಂದು ಮಾತು. ಫರ್ನ್ ಕ್ಯಾನ್ಯನ್ ಅನ್ನೋ ಕಿರಿದಾದ ಕಣಿವೆಗೆ ಮೇ 15ರಿಂದ ಸೆಪ್ಟೆಂಬರ್ 15ರವರೆಗೆ ಮುಂಗಡ ಪರ್ಮಿಟ್ ಬೇಕು, ಬಾಗಿಲಲ್ಲಿ ಕೇಳಿದ್ರೆ ಕೊಡಲ್ಲ. ಅಲ್ಲಿ ತೊರೆಯೊಳಗೇ ನಡೀಬೇಕು, ಅಮ್ಮನಿಗೆ ಕಷ್ಟ.

ಕ್ಲಾಮತ್ ಮತ್ತು ಕ್ರೆಸೆಂಟ್ ಸಿಟಿ ನಡುವೆ ಲಾಸ್ಟ್ ಚಾನ್ಸ್ ಗ್ರೇಡ್ ಅನ್ನೋ ಭೂಕುಸಿತದ ಜಾಗ ಇದೆ. ರಿಪೇರಿ ನಡೀತಿದ್ರೆ ಅರ್ಧ ಗಂಟೆ ನಿಲ್ಲಿಸಬಹುದು. ಕಾಡೊಳಗೆ ಮೊಬೈಲ್ ಸಿಗ್ನಲ್ ನೆಚ್ಚಬೇಡಿ, ಮ್ಯಾಪ್ ಮೊದಲೇ ಇಳಿಸ್ಕೊಳ್ಳಿ. ಪೆಟ್ರೋಲ್ ಗಾರ್ಬರ್‌ವಿಲ್‌ನಲ್ಲೋ ಯುರೀಕಾದಲ್ಲೋ ತುಂಬಿಸಿ. ಜುಲೈ ಅಂತ ಸ್ವೆಟರ್ ಬಿಡಬೇಡಿ, ಕಡಲ ಮಂಜು ಬಂದ್ರೆ ಮಧ್ಯಾಹ್ನಾನೂ ಚಳಿ. ಆ ಮಂಜೇ ಬೇಸಿಗೇಲಿ ಈ ಮರಗಳಿಗೆ ನೀರು.